ಮಾನ್ಯ ಜಿಲ್ಲಾಧಿಕಾರಿಗಳೇ, ಔಷಧಿ ಹೊಡೆಯುವ ಮುಂಚೆ ಪಕ್ಕದ ತೋಟದವರಿಗೆ ಒಂದು ಮಾತು ಹೇಳಿಸಿ

ಚಿಕ್ಕಬಳ್ಳಾಪುರ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ರೇಷ್ಮೆ ಬೆಳೆಗಾರ್ತಿಯ ನಮಸ್ಕಾರಗಳು.

ಪಕ್ಕದ ತೋಟಕ್ಕೆ ಹೊಡೆದ ಔಷಧಿ ಗಾಳಿಗೆ ಬಂದು ನಮ್ಮ ರೇಷ್ಮೆ ಹುಳ ಸತ್ತವು. ಇದನ್ನು ಅರ್ಜಿಯಾಗಿ ಬರೆದು ಕಚೇರಿಯಲ್ಲಿ ಕೊಡಬಹುದಿತ್ತು. ಕೊಟ್ಟೂ ಆಗಿದೆ, ಬೇರೆ ಬೇರೆ ಕಡೆ. ಸೀಲ್ ಬಿದ್ದ ಮೂರು ಹಾಳೆ ನಮ್ಮ ಬೀರುವಿನಲ್ಲಿವೆ. ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಯಾಕೆಂದರೆ ಇದು ನಮ್ಮ ಒಂದು ಮನೆಯ ಗೋಳಲ್ಲ. ಹಿಪ್ಪುನೇರಳೆ ಪಕ್ಕ ಟೊಮೆಟೊ, ಟೊಮೆಟೊ ಪಕ್ಕ ದ್ರಾಕ್ಷಿ, ಅದರ ಆಚೆ ಗುಲಾಬಿ, ಮಧ್ಯೆ ಒಂದು ಮೊಳ ಅಗಲದ ಬದು, ಅಷ್ಟೇ. ನಮ್ಮ ಜಿಲ್ಲೆ ಇರುವುದೇ ಹೀಗೆ. ಒಬ್ಬರ ತೋಟಕ್ಕೆ ಹೊಡೆದದ್ದು ಇನ್ನೊಬ್ಬರ ತೋಟಕ್ಕೆ ಹೋಗದೆ ಇರೋಕೆ ಜಾಗವೇ ಇಲ್ಲ.

ಆಷಾಢದಲ್ಲಿ ನಡೆದದ್ದು ಹೇಳುತ್ತೇನೆ. ನಮ್ಮದು ಒಂದೂವರೆ ಎಕರೆ ಹಿಪ್ಪುನೇರಳೆ ಸೊಪ್ಪು. 150 ಮೊಟ್ಟೆಯ ಹುಳ (ಒಂದು ಪತಂಗ ಇಟ್ಟ ಮೊಟ್ಟೆಗಳ ಇಡೀ ಗುಂಪಿಗೆ ನಾವು ಒಂದು ಮೊಟ್ಟೆ ಅನ್ನುತ್ತೇವೆ) ಚಾಕಿ ಕೇಂದ್ರದಿಂದ, ಅಂದರೆ ಮರಿ ಹುಳ ಸಾಕಿ ಕೊಡುವವರಿಂದ ತಂದಿದ್ದೆವು. ನಾಲ್ಕನೇ ಜ್ವರ, ಅಂದರೆ ಹುಳ ಕೊನೆಯ ಸಲ ಪೊರೆ ಬಿಡುವುದು, ಎದ್ದು ಮೂರನೇ ದಿನ. ರೇಷ್ಮೆ ಮಾಡದವರಿಗೆ ಒಂದು ಮಾತು: ಹುಳ ಹುಟ್ಟಿದಾಗಿನಿಂದ ಗೂಡು ಕಟ್ಟುವವರೆಗೆ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಈ ಕೊನೆಯ ಏಳೆಂಟು ದಿನದಲ್ಲೇ ಖರ್ಚಾಗುತ್ತದೆ. ಮನೆಯವರು ಯಾರೂ ನೆಟ್ಟಗೆ ನಿದ್ದೆ ಮಾಡುವುದಿಲ್ಲ. ಮದುವೆ ಮುಂಜಿಗೂ ಹೋಗುವುದಿಲ್ಲ. ಹುಳುಮನೆಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿಲ್ಲ, ಒಳಗೆ ಸೊಳ್ಳೆಬತ್ತಿ ಹಚ್ಚುವ ಹಾಗಿಲ್ಲ, ಬೀಡಿ ಸೇದಿದವರು ಕೈ ತೊಳೆಯದೆ ಸೊಪ್ಪು ಮುಟ್ಟುವ ಹಾಗಿಲ್ಲ. ನಮ್ಮತ್ತೆಯಂತೂ ತಲೆಗೆ ಘಮಘಮ ಎಣ್ಣೆ ಹಚ್ಚಿಕೊಂಡು ಬಂದ ನೆಂಟರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಅಷ್ಟು ಮಡಿ.

ಅವತ್ತು ಸಂಜೆ ಪಡುವಲ ಕಡೆಯ ಸಾಲುಗಳಲ್ಲಿ ಸೊಪ್ಪು ಕಡಿದು ತಂದು ಆರೂವರೆಗೆ ಹಾಕಿದೆವು. ರಾತ್ರಿ ಹತ್ತಕ್ಕೆ ಮತ್ತೆ ಹಾಕೋಣ ಅಂತ ನಾನು ಹೋದೆ. ಆ ಹೊತ್ತಿಗೆ ಎಲೆ ಎಲ್ಲ ಮುಗಿದು ಬರೀ ಕಡ್ಡಿ ಉಳಿದಿರಬೇಕು. ಅವತ್ತು ಸೊಪ್ಪು ಹಾಕಿದ ಹಾಗೇ ಇತ್ತು. ಸುಮ್ನೆ ಅಲ್ಲೊಂದು ಇಲ್ಲೊಂದು ತೂತು. ಟಾರ್ಚ್ ಹಿಡಿದು ನೋಡಿದರೆ ಹುಳ ಎಲೆಯ ಮೇಲೆ ಇಲ್ಲ, ಕೆಳಗೆ ಕಡ್ಡಿಗಳ ಸಂದಿಯಲ್ಲಿ ಬಿದ್ದಿದ್ದವು. ಒಂದನ್ನು ಅಂಗೈಗೆ ತೆಗೆದುಕೊಂಡೆ. ಬೆಳಗ್ಗೆ ನನ್ನ ಬೆರಳಿನುದ್ದ ಇದ್ದ ಹುಳ ಮುದುಡಿ ಗಿಡ್ಡಗಾಗಿತ್ತು. ಬಾಯಿಯ ಹತ್ತಿರ ಹಸಿರು ನೀರು. ಮುಟ್ಟಿದರೆ ಹಿಂಗಾಲು ಮಾತ್ರ ಒಂಚೂರು ಅಲ್ಲಾಡಿತು. ಇದು ಸುಣ್ಣಕಟ್ಟು ರೋಗ ಅಲ್ಲ, ಹಾಲುಹುಳ ಅಲ್ಲ, ಊಜಿ ನೊಣದ ಕಪ್ಪು ಚುಕ್ಕೆಯೂ ಇರಲಿಲ್ಲ. ಅವೆಲ್ಲ ನಾವು ಕಂಡಿದ್ದೇವೆ. ಅವು ಅಲ್ಲಿ ನಾಲ್ಕು ಇಲ್ಲಿ ನಾಲ್ಕು ಅಂತ ಶುರುವಾಗುತ್ತವೆ, ಒಂದು ರಾತ್ರಿಯಲ್ಲಿ ಮೂರು ಅಂಕಣ ಮಲಗಿಸುವುದಿಲ್ಲ.

ಎರಡು ದಿನದಲ್ಲಿ ಮುಕ್ಕಾಲು ಭಾಗ ಹೋಯಿತು. ಉಳಿದವು ಗೂಡು ಕಟ್ಟಿದವು, ಆದರೆ ಹೆಸರಿಗೆ. ಒತ್ತಿದರೆ ಒಳಗೆ ಹೋಗುವಂಥ ಗೂಡು. ಮಾರುಕಟ್ಟೆಯಲ್ಲಿ ಗೂಡು ಕೊಂಡು ನೂಲು ತೆಗೆಸುವ ರೀಲರ್ ಒಂದು ಹಿಡಿ ಎತ್ತಿ ಮೂಸಿ ವಾಪಸ್ ಹಾಕಿದರು. ಸತ್ತ ಹುಳವನ್ನು ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದೆವು. ಕೋಳಿ ಕೆದಕಬಾರದು ಅಂತ ಮೇಲೆ ಚಪ್ಪಡಿ ಎಳೆದೆವು. ಸರಿಯಾಗಿ ಆಗಿದ್ದರೆ 110 ಕಿಲೋ ಗೂಡಿಗೆ ಮೋಸ ಇರಲಿಲ್ಲ. ಲೆಕ್ಕ ನೀವೇ ಹಾಕಿ.

ಈಗ ಪಕ್ಕದ ತೋಟದ ವಿಷಯ. ಅವರು ವರಸೆಯಲ್ಲಿ ನನಗೆ ಮಾವ ಆಗಬೇಕು. ಅವರ ಮೇಲೆ ಸಿಟ್ಟಿದ್ದರೆ ಈ ಪತ್ರವನ್ನು ಪೊಲೀಸರಿಗೆ ಬರೆಯುತ್ತಿದ್ದೆ, ನಿಮಗಲ್ಲ. ಅವತ್ತು ಬೆಳಗ್ಗೆ ಹನ್ನೊಂದಕ್ಕೆ ಅವರ ಟೊಮೆಟೊಗೆ ಡ್ರಮ್ಮಿನಲ್ಲಿ ಔಷಧಿ ಕಲಸಿ, ಮೋಟಾರು ಹಾಕಿ, ಸ್ಪ್ರೇ ಗನ್ನಿನಲ್ಲಿ ಹೊಡೆಸಿದ್ದಾರೆ. ಆಷಾಢದ ಗಾಳಿ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅವರ ತೋಟ ಪಡುವಲಿಗೆ, ನಮ್ಮದು ಮೂಡಲಿಗೆ, ಗಾಳಿ ಪಡುವಲಿಂದ. ಗನ್ನಿನ ಒತ್ತಡ ಜಾಸ್ತಿ ಇಟ್ಟಷ್ಟೂ ಹನಿ ಸಣ್ಣಗಾಗುತ್ತದೆ, ಹನಿ ಸಣ್ಣಗಾದಷ್ಟೂ ದೂರ ಹೋಗುತ್ತದೆ. ಕೂದಲೆಳೆಗಿಂತ ಸಣ್ಣ ಹನಿ ಹೊಡೆದ ಗಿಡದ ಮೇಲೆ ಬೇಗ ಕೂರುವುದಿಲ್ಲ, ಹೊಗೆಯ ಹಾಗೆ ತೇಲಿಕೊಂಡು ಹೋಗುತ್ತದೆ.

ವಿಷಯ ಗೊತ್ತಾದ ಮೇಲೆ ಮಾವ ನಮ್ಮ ಜಗುಲಿಗೆ ಬಂದು ಕೂತರು. "ನಿನ್ನಾಣೆಗೂ ಗೊತ್ತಿರಲಿಲ್ಲ ಕಣಮ್ಮ. ಅಂಗಡಿಯೋನು ಹಸಿರು ಗುರುತಿಂದು, ಏನೂ ಆಗಲ್ಲ ಅಂದ" ಅಂದರು. ಬಾಟಲಿ ತರಿಸಿ ನೋಡಿದೆ. ಕ್ಲೋರಾಂಟ್ರಾನಿಲಿಪ್ರೋಲ್. ಹೌದು, ಹಸಿರು ಗುರುತೇ.

ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಅದೇ ಇಲ್ಲಿರುವ ತಮಾಷೆ. ಬಾಟಲಿಯ ಮೇಲಿನ ಆ ಚೌಕದಲ್ಲಿ ಕೆಂಪು ಇದ್ದರೆ ಅತಿ ಘೋರ ವಿಷ, ಹಳದಿ ಇದ್ದರೆ ಹೆಚ್ಚು ವಿಷ, ನೀಲಿ ಇದ್ದರೆ ಮಧ್ಯಮ, ಹಸಿರು ಇದ್ದರೆ ಕಡಿಮೆ. ಇದನ್ನು ಇಲಿಯಂಥ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿ ನಿರ್ಧರಿಸುತ್ತಾರೆ. ಹೊಟ್ಟೆಗೆ ಹೋದರೆ ಒಂದು ಕಿಲೋ ಮೈತೂಕಕ್ಕೆ 50 ಮಿಲಿಗ್ರಾಂ ಒಳಗೇ ಅರ್ಧ ಪ್ರಾಣಿ ಸತ್ತರೆ ಕೆಂಪು, 5000 ಮಿಲಿಗ್ರಾಂ ದಾಟಿದರೂ ಸಾಯದಿದ್ದರೆ ಹಸಿರು. ಅಂದರೆ ಆ ಬಣ್ಣ ಹೇಳುವುದು ಮನುಷ್ಯನಿಗೆ, ದನಕರುವಿಗೆ ಎಷ್ಟು ಅಪಾಯ ಅನ್ನುವುದನ್ನು. ಹುಳಕ್ಕೆ ಏನಾಗುತ್ತದೆ ಅಂತ ಅದು ಹೇಳುವುದಿಲ್ಲ. ಈ ಔಷಧಿ ಇರುವುದೇ ಕಾಯಿಕೊರಕ ಹುಳಕ್ಕೆ. ಅದರ ಮಾಂಸಖಂಡ ಸೆಟೆದುಕೊಳ್ಳುವ ಹಾಗೆ ಮಾಡುತ್ತದೆ. ಹುಳ ಬಾಯಿ ಆಡಿಸೋಕಾಗದೆ, ತಿನ್ನೋದು ನಿಲ್ಲಿಸಿ ಸಾಯುತ್ತದೆ. ಕಾಯಿಕೊರಕವೂ ಪತಂಗದ ಮರಿ, ರೇಷ್ಮೆ ಹುಳವೂ ಪತಂಗದ ಮರಿ. ಯಾವುದು ಮಾವನ ಟೊಮೆಟೊ ತಿನ್ನೋ ಹುಳ, ಯಾವುದು ನಮ್ಮ ಮನೆ ಅನ್ನ ಅಂತ ಔಷಧಿಗೆ ಗೊತ್ತಾಗುತ್ತಾ? ಇನ್ನೂ ಒಂದು ವಿಷಯ, ಇದು ಎಲೆಯ ಮೇಲೆ ಬಹಳ ದಿನ ಉಳಿಯುತ್ತದೆ. ಟೊಮೆಟೊ ಬೆಳೆಗಾರನಿಗೆ ಅದೇ ಒಳ್ಳೆಯ ಗುಣ, ಅದಕ್ಕೇ ಅಷ್ಟು ದುಡ್ಡು ಕೊಟ್ಟು ತರುತ್ತಾರೆ. ನಮಗೆ ಅದೇ ಸಾವು.

ಸತ್ತ ಹುಳವನ್ನು ಒಂದು ಡಬ್ಬಿಗೆ, ಸೊಪ್ಪನ್ನು ಒಂದು ಕವರಿಗೆ ಹಾಕಿಕೊಂಡು ನಾನು ಮೂರು ಕಚೇರಿ ಸುತ್ತಿದೆ. ಯಾವ ಯಾವ ಕಚೇರಿ ಅಂತ ಹೆಸರು ಬರೆಯುವುದಿಲ್ಲ. ಅಲ್ಲೂ ನಾಲ್ಕು ಜನರ ಕೆಲಸವನ್ನು ಒಬ್ಬರು ಮಾಡುತ್ತಿದ್ದರು, ಒಬ್ಬ ಮೇಡಂ ನನಗೆ ನೀರು ಕೊಟ್ಟು ಕೂರಿಸಿದರು. ಆದರೆ ಒಂದು ಕಡೆ "ಔಷಧಿ ನಮ್ಮದಲ್ಲ" ಅಂದರು, ಇನ್ನೊಂದು ಕಡೆ "ಹುಳ ನಮ್ಮದಲ್ಲ" ಅಂದರು, ಮೂರನೇ ಕಡೆ "ಯಾರು ಹೊಡೆದದ್ದು ಅಂತ ಸಾಕ್ಷಿ ಏನಿದೆ, ಸೊಪ್ಪು ಎಲ್ಲಿ ಟೆಸ್ಟ್ ಮಾಡಿಸ್ತೀರಿ" ಅಂದರು. ಅಷ್ಟು ಹೊತ್ತಿಗೆ ಕವರಿನಲ್ಲಿದ್ದ ಸೊಪ್ಪು ಕೊಳೆತು ನೀರಾಗಿತ್ತು.

ಮನೆಗೆ ಬಂದು ಯೋಚನೆ ಮಾಡಿದಾಗ ಗೊತ್ತಾಯಿತು, ಅವರು ಹೇಳಿದ್ದರಲ್ಲೂ ತಪ್ಪಿಲ್ಲ. ಕೀಟನಾಶಕದ ಲೈಸೆನ್ಸು, ತಪಾಸಣೆ ಕೃಷಿ ಇಲಾಖೆಯದು. ಟೊಮೆಟೊ, ದ್ರಾಕ್ಷಿ, ಹೂವು ತೋಟಗಾರಿಕೆಯದು. ಹುಳ, ಸೊಪ್ಪು ರೇಷ್ಮೆ ಇಲಾಖೆಯದು. ಗಾಳಿ ಯಾವ ಇಲಾಖೆಯದೂ ಅಲ್ಲ. ಈ ಮೂರನ್ನೂ ಒಂದು ಮೇಜಿನ ಮುಂದೆ ಕೂರಿಸೋಕೆ ಜಿಲ್ಲೆಯಲ್ಲಿ ಆಗುವುದು ನಿಮ್ಮೊಬ್ಬರಿಗೆ ಮಾತ್ರ. ಅದಕ್ಕೇ ನಿಮಗೆ ಬರೆದದ್ದು.

ನನ್ನ ತಂಗಿಯ ಮಗಳು ಬಿ.ಎಸ್ಸಿ. ಓದುತ್ತಾಳೆ. ಅವಳನ್ನು ಕೂರಿಸಿಕೊಂಡು ಮೊಬೈಲಿನಲ್ಲಿ 1968ರ ಕೀಟನಾಶಕ ಕಾಯ್ದೆ, 1971ರ ನಿಯಮ ಎಲ್ಲ ಓದಿಸಿದೆ. ಅವಳು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು, ನಾನು ಸೊಪ್ಪು ಬಿಡಿಸುತ್ತಾ ಕೇಳುತ್ತಾ ಹೋದೆ. ಒಂದು ಕಡೆ ನಿಲ್ಲಿಸು ಅಂದೆ. ವಿಮಾನದಿಂದ, ಅಂದರೆ ಮೇಲಿಂದ ಔಷಧಿ ಸಿಂಪಡಿಸುವವರು ಕಡಿಮೆ ಅಂದರೂ 24 ಗಂಟೆ ಮುಂಚೆ ಜನರಿಗೆ ತಿಳಿಸಬೇಕು, ಸಂಬಂಧವಿಲ್ಲದ ಜನ ಮತ್ತು ದನಕರು ಆ ಜಾಗಕ್ಕೆ ಹೋಗದ ಹಾಗೆ ಇಷ್ಟು ಹೊತ್ತು ಅಂತ ತಡೆಯಬೇಕು. ಇದು ನಿಯಮದಲ್ಲಿದೆ, 1971ರಿಂದಲೂ ಇದೆ. ನೆಲದ ಮೇಲೆ ನಿಂತು ಗನ್ ಹಿಡಿದು ಹೊಡೆಯುವವರಿಗೆ ಅಂಥ ಮಾತು ಇಲ್ಲ. ಆಗಿನ ಕಾಲಕ್ಕೆ ಸರಿ ಇತ್ತೇನೋ, ಬೆನ್ನಿನ ಮೇಲೆ ಕೈಪಂಪು ಹೊತ್ತು ಟುಸ್ ಟುಸ್ ಅಂತ ಹೊಡೆಯುತ್ತಿದ್ದರು. ಈಗ 200 ಲೀಟರ್ ಡ್ರಮ್ಮು, ಮೋಟಾರು, ನೂರು ಮೀಟರ್ ಪೈಪು. ಹನಿ ಬದು ದಾಟಿ ನಮ್ಮ ಸೊಪ್ಪಿನ ಮೇಲೆ ಕೂರುತ್ತದೆ. ಮೇಲಿಂದ ಬಂತೋ ಪಕ್ಕದಿಂದ ಬಂತೋ ಅಂತ ಹುಳ ಕೇಳುವುದಿಲ್ಲ.

ಹಾಗಾಗಿ ನನ್ನ ಮೊದಲ ಕೋರಿಕೆ, ನಿಜ ಹೇಳಬೇಕೆಂದರೆ ಮುಖ್ಯ ಕೋರಿಕೆ ಇದೊಂದೇ. ಸೊಪ್ಪಿನ ತೋಟದ ಪಕ್ಕದಲ್ಲಿ ಔಷಧಿ ಹೊಡೆಯುವವರು ಒಂದು ದಿನ ಮುಂಚೆ ತಿಳಿಸಬೇಕು ಅಂತ ಪ್ರತಿ ಗ್ರಾಮ ಪಂಚಾಯಿತಿಯಿಂದ ಹೇಳಿಸಿ. ಇದಕ್ಕೆ ಹೊಸ ಆ್ಯಪು, ಹೊಸ ಕಮಿಟಿ ಏನೂ ಬೇಡ. ಊರೂರಿಗೂ ವಾಟ್ಸ್ಆ್ಯಪ್ ಗುಂಪು ಇದೆ, ಅದರಲ್ಲಿ ದಿನಾ ಬೆಳಗ್ಗೆ ಶುಭೋದಯದ ಗುಲಾಬಿ ಬರುತ್ತದೆ, ಅದರ ಕೆಳಗೆ "ನಾಳೆ ಬೆಳಗ್ಗೆ ಇಂಥ ಕಡೆ ಟೊಮೆಟೊಗೆ ಹೊಡೀತೀವಿ" ಅಂತ ಒಂದು ಸಾಲು ಬಂದರೆ ಸಾಕು. ಮೊಬೈಲ್ ನೋಡದವರಿಗೆ ನೀರು ಬಿಡೋಕೆ ಬರುವ ನೀರುಗಂಟಿ ಹೇಳಲಿ. ಯಾರ ಹತ್ತಿರ ಎಷ್ಟು ಎಕರೆ ಸೊಪ್ಪಿದೆ ಅನ್ನುವ ಪಟ್ಟಿ ರೇಷ್ಮೆ ಇಲಾಖೆಯಲ್ಲಿ ಇದ್ದೇ ಇರುತ್ತದೆ, ಅದನ್ನು ಪಂಚಾಯಿತಿಗೆ ಕೊಡಿಸಿ. ನಮಗೆ ಒಂದು ದಿನ ಸಿಕ್ಕರೆ ನಾವು ಆ ಕಡೆಯ ಸಾಲುಗಳ ಸೊಪ್ಪನ್ನು ಮೊದಲೇ ಕಡಿದು ಒದ್ದೆ ಗೋಣಿ ಹೊದಿಸಿ ಇಟ್ಟುಕೊಳ್ಳುತ್ತೇವೆ. ಅಥವಾ ಆಮೇಲೆ ಆ ಸಾಲುಗಳನ್ನು ಮುಟ್ಟುವುದಿಲ್ಲ. ಔಷಧಿ ಹೊಡೆಯಬೇಡಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ಹೇಳಿ ಹೊಡೆಯಿರಿ ಅನ್ನುತ್ತಿದ್ದೇನೆ.

ಯಾಕೆ ಬೇಡ ಅನ್ನುವುದಿಲ್ಲ ಅಂದರೆ, ಟೊಮೆಟೊದವರ ಪಾಡು ನಾನು ನೋಡಿದ್ದೇನೆ. ಗೂಟ, ದಾರ, ಮಲ್ಚಿಂಗ್ ಪೇಪರು, ಡ್ರಿಪ್ಪು, ನರ್ಸರಿ ಸಸಿ, ಕೂಲಿ. ಎಲ್ಲ ಸಾಲ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸು 2 ಸಾವಿರ ರೂಪಾಯಿ ದಾಟಿತ್ತು, ಅದೇ ಟೊಮೆಟೊವನ್ನು ಬೇರೆ ವರ್ಷ ರಸ್ತೆ ಬದಿಗೆ ಸುರಿದಿದ್ದಾರೆ. ರೇಟು ಬಂದಾಗ ಒಂದು ಕಾಯಿಯೂ ತೂತಾಗಬಾರದು ಅಂತ ಆಸೆ, ರೇಟು ಬಿದ್ದಾಗ ಹಾಕಿದ ದುಡ್ಡಾದರೂ ಬರಲಿ ಅಂತ ಭಯ. ಎರಡೂ ಸೇರಿ ನಾಲ್ಕು ದಿನಕ್ಕೊಂದು ಸಲ ಡ್ರಮ್ಮು ಕಲಸುತ್ತಾರೆ. ಬಿಳಿ ನೊಣಕ್ಕೊಂದು, ನುಸಿಗೊಂದು, ಅಂಗಮಾರಿಗೊಂದು, ಜೊತೆಗೆ ಟಾನಿಕ್ಕು, ಮೇಲೆ ಗಮ್ಮು. ಎಲ್ಲ ಒಂದೇ ಡ್ರಮ್ಮಿಗೆ. ಇದನ್ನು ಬರೆದುಕೊಟ್ಟವರು ಯಾರು? ಅಂಗಡಿಯವರು. ನಮ್ಮ ಕಡೆ ಗಿಡಕ್ಕೆ ಡಾಕ್ಟರು ಅಂದರೆ ಅವರೇ. ಒಂದು ಎಲೆ ಕಿತ್ತುಕೊಂಡು ಹೋಗಿ ಕೌಂಟರಿನ ಮೇಲೆ ಇಟ್ಟರೆ ಎರಡು ನಿಮಿಷದಲ್ಲಿ ನಾಲ್ಕು ಬಾಟಲಿ ಬರುತ್ತವೆ.

ಅವರನ್ನೂ ಬೈಯೋಕೆ ನನಗೆ ಮನಸ್ಸಿಲ್ಲ. ಸಾಲಕ್ಕೆ ಕೊಡುವವರೂ ಅವರೇ, ರಾತ್ರಿ ಎಂಟಕ್ಕೆ ಫೋನ್ ಎತ್ತುವವರೂ ಅವರೇ. ಇಂಥ ಅಂಗಡಿಯವರಿಗಾಗಿಯೇ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ ರೂಪಿಸಿರುವ ದೇಸಿ ಅನ್ನುವ 48 ವಾರಗಳ ಡಿಪ್ಲೊಮಾ ಇದೆ. ಒಳ್ಳೆಯದು. ನಮ್ಮ ಜಿಲ್ಲೆಯ ಮಟ್ಟಿಗೆ ಅದಕ್ಕೆ ಒಂದು ದಿನದ ಪಾಠ ಸೇರಿಸಿ, ರೇಷ್ಮೆ ಹುಳಕ್ಕೆ ಯಾವ ಔಷಧಿ ಎಷ್ಟು ದಿನ ಮಾರಕ ಅಂತ. ಹೇಳಿಕೊಡೋಕೆ ದೂರ ಹೋಗಬೇಕಾಗಿಲ್ಲ, ಚಿಂತಾಮಣಿಯಲ್ಲೇ ರೇಷ್ಮೆ ಕೃಷಿ ಕಾಲೇಜು ಇದೆ, ಕೃಷಿ ವಿಜ್ಞಾನ ಕೇಂದ್ರ ಇದೆ. ಆಮೇಲೆ ಪ್ರತಿ ಅಂಗಡಿಯ ಗೋಡೆಗೆ ಕನ್ನಡದಲ್ಲಿ ದೊಡ್ಡ ಅಕ್ಷರದ ಒಂದು ಬೋರ್ಡು ಹಾಕಿಸಿ: ಇವು ರೇಷ್ಮೆ ಹುಳಕ್ಕೆ ವಿಷ. ಬಾಟಲಿ ಕೊಡುವ ಮುಂಚೆ ಒಂದೇ ಪ್ರಶ್ನೆ ಕೇಳಲಿ, "ಪಕ್ಕದಲ್ಲಿ ಸೊಪ್ಪಿನ ತೋಟ ಇದೆಯಾ?" ಈ ಒಂದು ಪ್ರಶ್ನೆ ಅವತ್ತು ಮಾವನನ್ನು ಕೇಳಿದ್ದರೆ ಅವರು ಖಂಡಿತ ನನಗೆ ಹೇಳುತ್ತಿದ್ದರು.

ಅಂಗಡಿಯಿಂದ ಬಾಟಲಿ ಹೇಗೆ ಬರುತ್ತದೆ ಅನ್ನುವುದನ್ನೂ ಹೇಳಬೇಕು. ಪ್ರತಿ ಔಷಧಿಯ ಜೊತೆ ಒಂದು ಕರಪತ್ರ ಇರಬೇಕು ಅಂತ ನಿಯಮ. ಹಿಂದಿ, ಇಂಗ್ಲಿಷ್ ಜೊತೆಗೆ ಆ ಪ್ರದೇಶದ ಭಾಷೆಯಲ್ಲೂ ಇರಬೇಕು. ಯಾವ ಬೆಳೆಗೆ ಎಷ್ಟು, ವಿಷ ಏರಿದರೆ ಏನೇನು ಲಕ್ಷಣ, ಪ್ರತಿಮದ್ದು ಯಾವುದು, ಖಾಲಿ ಡಬ್ಬಿ ಏನು ಮಾಡಬೇಕು, ಎಲ್ಲ ಅದರಲ್ಲಿರುತ್ತದೆ. ಇರುತ್ತದೆ, ಆದರೆ ಅಕ್ಷರ ಸಾಸಿವೆಗಿಂತ ಸಣ್ಣದು. ಎಷ್ಟೋ ಸಲ ರಟ್ಟಿನ ಡಬ್ಬಿ ಅಂಗಡಿಯ ಮುಂದೆಯೇ ಬಿದ್ದಿರುತ್ತದೆ, ಕರಪತ್ರವೂ ಅದರೊಳಗೆ. ಬರೀ ಬಾಟಲಿ ಮನೆಗೆ ಬರುತ್ತದೆ. ಅಳತೆ? ಮುಚ್ಚಳ. "ಟ್ಯಾಂಕಿಗೆ ಎರಡು ಮುಚ್ಚಳ ಹಾಕ್ರಿ." ಮಾವನ ಬಾಟಲಿಯ ಕಥೆಯನ್ನೇ ತೆಗೆದುಕೊಳ್ಳಿ, ಟೊಮೆಟೊಗೆ ಎಕರೆಗೆ 60 ಎಂಎಲ್ ಶಿಫಾರಸು, ಹೊಡೆದ ಮೇಲೆ 3 ದಿನ ಕಾಯಿ ಕೀಳಬಾರದು. ಅವರು ಎಷ್ಟು ಹಾಕಿದರೋ ಅವರಿಗೇ ಗೊತ್ತಿಲ್ಲ. ಕೀಳೋದು ಮಾತ್ರ ಮಾರನೇ ದಿನವೇ, ಯಾಕೆಂದರೆ ಗಾಡಿ ಬರೋದು ಅವತ್ತೇ.

ಬೇರೆಯವರದ್ದು ಹೇಳುತ್ತಾ ಕೂತರೆ ಸಾಲದು. ನಾವೂ ಸಾಚಾ ಅಲ್ಲ. ಸೊಪ್ಪಿಗೆ ಥ್ರಿಪ್ಸ್ ಬಂದಾಗ, ಕುಡಿ ಮುದುಡುವ ತುಕ್ರಾ ಬಂದಾಗ ನಾವೂ ವರ್ಷಗಟ್ಟಲೆ ಡೈಕ್ಲೋರ್‌ವಾಸ್ ಹೊಡೆದಿದ್ದೇವೆ. ದಿನ ಎಣಿಸಿಕೊಂಡು ಹುಳ ತರುತ್ತಿದ್ದೆವು. ಆ ಬಾಟಲಿ ಅಕ್ಕಿ ಮೂಟೆ ಇಡುವ ಅಟ್ಟದ ಮೇಲೇ ಇರುತ್ತಿತ್ತು. 2018ರ ಆದೇಶದ ಪ್ರಕಾರ 2020ರ ಡಿಸೆಂಬರ್ 31ರಿಂದ ಅದು ನಿಷೇಧ ಆಯಿತು, ಫೋರೇಟ್ ಕೂಡ ಆಯಿತು. ಅಷ್ಟು ವರ್ಷ ನಾವು ಏನನ್ನು ಅಕ್ಕಿ ಪಕ್ಕ ಇಟ್ಟುಕೊಂಡಿದ್ದೆವು ಅಂತ ಆಮೇಲೆ ಅನಿಸಿತು. ಖಾಲಿ ಡಬ್ಬಿ ತೊಳೆದು ನಮ್ಮತ್ತೆ ಅದರಲ್ಲಿ ಸೀಮೆಎಣ್ಣೆ ಇಡುತ್ತಿದ್ದರು. 2013ರಲ್ಲಿ ಬಿಹಾರದ ಶಾಲೆಯೊಂದರಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತಾಗ ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಸಿಕ್ಕಿತ್ತು. ಎಣ್ಣೆಯನ್ನು ಕೀಟನಾಶಕದ ಡಬ್ಬಿಯಲ್ಲಿ ಇಟ್ಟಿದ್ದಿರಬೇಕು ಅಂತ ಆಗ ಅಧಿಕಾರಿಗಳು ಹೇಳಿದ್ದರು. ಟಿವಿಯಲ್ಲಿ ಆ ಸುದ್ದಿ ನೋಡಿದ ದಿನವೇ ಅತ್ತೆ ಡಬ್ಬಿಗಳನ್ನೆಲ್ಲ ಎತ್ತಿ ಆಚೆ ಎಸೆದರು. ಎಸೆದದ್ದು ಎಲ್ಲಿಗೆ? ಕೆರೆ ಕಾಲುವೆಗೆ.

ಈಗಲೂ ಹೋಗಿ ನೋಡಿ, ಕಾಲುವೆಯ ಉದ್ದಕ್ಕೂ ಬಣ್ಣ ಬಣ್ಣದ ಬಾಟಲಿ. ಖಾಲಿ ಡಬ್ಬಿಯನ್ನು ಯಾರೂ ಮತ್ತೆ ಬಳಸದ ಹಾಗೆ ಒಡೆದು, ಜನವಸತಿಯಿಂದ ದೂರ ಹೂಳಬೇಕು ಅನ್ನುವುದೂ ಅದೇ 1971ರ ನಿಯಮದಲ್ಲಿದೆ. ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಟ್ಯಾಂಕಿಗೇ ಸುರಿದುಕೊಂಡು ಹೊಡೆದರೆ ಡಬ್ಬಿಯಲ್ಲಿ ಉಳಿದ ವಿಷ ಬಹುಪಾಲು ಹೋಗುತ್ತದೆ, ಕೊಂಡ ಔಷಧಿಯೂ ದಂಡವಾಗುವುದಿಲ್ಲ. ನಮ್ಮೂರಲ್ಲಿ ಮಾಡುವುದು ಉಲ್ಟಾ. ಟ್ಯಾಂಕು, ಡ್ರಮ್ಮು ಎಲ್ಲ ಕೃಷಿ ಹೊಂಡದಲ್ಲೇ ತೊಳೆಯುತ್ತಾರೆ. ನಮ್ಮ ಓಣಿಯ ಒಬ್ಬರು ಹೊಂಡದಲ್ಲಿ ಮೀನು ಬಿಟ್ಟಿದ್ದರು. ಲ್ಯಾಂಬ್ಡಾ ಸೈಹಾಲೋಥ್ರಿನ್ ಹೊಡೆದ ಪಂಪನ್ನು ಕೂಲಿಯವರು ಅಲ್ಲೇ ಅದ್ದಿ ತೊಳೆದರು. ಈ ಜಾತಿಯ ಔಷಧಿ ಮೀನಿಗೆ ಚೂರು ತಾಗಿದರೂ ಸಾಕು. ಬೆಳಗ್ಗೆ ಅಷ್ಟೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು ಸರ್. ಕೆರೆ, ಕುಂಟೆ, ಸಾವಿರ ಅಡಿಯ ಬೋರು. ಇರುವ ನೀರು ಅಷ್ಟೇ. ಪಂಚಾಯಿತಿಗೊಂದು ಕಡೆ ಖಾಲಿ ಡಬ್ಬಿ ಹಾಕೋಕೆ ಬೀಗ ಇರುವ ಒಂದು ತೊಟ್ಟಿ ಇಡಿಸಿ, ಕಂಪನಿಗಳೇ ಅದನ್ನು ತೆಗೆದುಕೊಂಡು ಹೋಗುವ ಹಾಗೆ ಮಾಡಿಸಿ. ಮಾರೋಕೆ ಊರೊಳಗೆ ಬರುವವರು ಎತ್ತೋಕೂ ಬರಬಹುದಲ್ವಾ?

ಜೇನಿನ ವಿಷಯ ಒಂದೇ ಮಾತು. ಊರ ಮುಂದಿನ ಹುಣಸೆ ಮರದಲ್ಲಿ ಹೆಜ್ಜೇನು ಕಟ್ಟುವುದು ಈಚೆಗೆ ಕಡಿಮೆಯಾಗಿದೆ. ಅದಕ್ಕೆ ಔಷಧಿಯೊಂದೇ ಕಾರಣ ಅಂತ ನಾನು ಹೇಳಲಾರೆ. ಆದರೆ ಹೂ ಬಿಟ್ಟ ಗಿಡಕ್ಕೆ, ಜೇನು ಬರುವ ಹೊತ್ತಲ್ಲೇ ಇಮಿಡಾಕ್ಲೋಪ್ರಿಡ್ ಹೊಡೆಯುವುದನ್ನು ಕಣ್ಣಾರೆ ನೋಡಿದ್ದೇನೆ. ಇದೇ ಔಷಧಿಯನ್ನು ಬಯಲಲ್ಲಿ ಬಳಸಬಾರದು ಅಂತ ಯುರೋಪಿನವರು 2018ರಲ್ಲಿ ನಿಲ್ಲಿಸಿದ್ದು ಜೇನಿಗಾಗಿ. ನಾವು ನಿಲ್ಲಿಸದಿದ್ದರೂ ಹೋಗಲಿ, ಸಂಜೆ ಜೇನು ಗೂಡಿಗೆ ಹೋದ ಮೇಲೆ ಹೊಡೆಯಬಹುದು. ಸಂಜೆ ಗಾಳಿಯೂ ಕಡಿಮೆ. ನಮ್ಮ ಹುಳಕ್ಕೂ ಒಳ್ಳೆಯದು.

ಇನ್ನು ಗನ್ ಹಿಡಿಯುವ ಹುಡುಗರು. ಇವರ ಬಗ್ಗೆ ಬರೆಯದಿದ್ದರೆ ಈ ಪತ್ರ ಬರೆದೂ ಪ್ರಯೋಜನ ಇಲ್ಲ. ಹುಳ ಸತ್ತರೆ ನಷ್ಟ ಅನ್ನುತ್ತೇವೆ, ಇವರದು ಜೀವ. ಡ್ರಮ್ಮಿಗೆ ಇಷ್ಟು ಅಂತ ಕೂಲಿ, ಹಾಗಾಗಿ ಬೇಗ ಮುಗಿಸುವ ಆತುರ. ಮೈಮೇಲೆ ಅರ್ಧ ತೋಳಿನ ಬನಿಯನ್ನು, ಚಡ್ಡಿ, ಬರಿಗಾಲು, ಮುಖಕ್ಕೊಂದು ಟವಲ್. ಆ ಟವಲ್ ಅರ್ಧ ಗಂಟೆಯಲ್ಲಿ ನೆನೆದು, ಔಷಧಿ ಹೀರಿಕೊಂಡು ಮೂಗಿಗೇ ಒತ್ತಿ ಹಿಡಿದ ಹಾಗೆ ಆಗುತ್ತದೆ. ಕಟ್ಟದೆ ಇದ್ದರೇ ವಾಸಿ. ನಾಜಲ್ ಕಟ್ಟಿಕೊಂಡರೆ ಬಾಯಲ್ಲಿ ಊದುತ್ತಾರೆ. ಹೋದ ವರ್ಷ ನಮ್ಮೂರಿನ ಒಬ್ಬ ಹುಡುಗ ಮಧ್ಯಾಹ್ನ ತಲೆ ಸುತ್ತುತ್ತೆ ಅಂತ ಹೊಂಗೆ ಮರದ ಕೆಳಗೆ ಕೂತವನು ಹಾಗೇ ಒರಗಿಬಿಟ್ಟ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಆಟೋದಲ್ಲಿ ಹಾಕಿಕೊಂಡು ಹೋದೆವು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಯಾವ ಔಷಧಿ?" ಯಾರಿಗೂ ಗೊತ್ತಿಲ್ಲ. ಬಾಟಲಿ ಕಾಲುವೆಯಲ್ಲಿ. ಒಬ್ಬರು ಬೈಕಿನಲ್ಲಿ ವಾಪಸ್ ಓಡಿ, ನೀರಲ್ಲಿ ಹುಡುಕಿ ಬಾಟಲಿ ತಂದರು. ಪ್ರೊಫೆನೊಫಾಸ್ ಅಂತ ಇತ್ತು. ಡಾಕ್ಟರು ಕಣ್ಣು ನೋಡಿಯೇ ಅಟ್ರೊಪಿನ್ ಶುರು ಮಾಡಿದ್ದರು, ಪುಣ್ಯ. ಹುಡುಗ ಉಳಿದ. ಎಲ್ಲ ವಿಷಕ್ಕೂ ಹೀಗೆ ಮದ್ದು ಇರುವುದಿಲ್ಲ. ಪ್ಯಾರಾಕ್ವಾಟ್ ಅನ್ನುವ ಕಳೆನಾಶಕ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿಮದ್ದೇ ಇಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆದೇ 20ಕ್ಕೂ ಜಾಸ್ತಿ ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ನಮ್ಮ ಟೊಮೆಟೊ ಗೂಟದ ಮೇಲೆ ಎದೆಯೆತ್ತರ ಬೆಳೆಯುತ್ತದೆ, ಹೊಡೆದ ಔಷಧಿ ಮುಖದ ಮಟ್ಟದಲ್ಲೇ ಇರುತ್ತದೆ.

ವಿಷ ಏರಿದ ಪ್ರತಿ ಘಟನೆಯನ್ನೂ ವರದಿ ಮಾಡಬೇಕು ಅಂತ ಹೇಳುವ ಅಧಿಕಾರ 1968ರ ಕಾಯ್ದೆಯಲ್ಲೇ ಸರ್ಕಾರಕ್ಕೆ ಇದೆ. ಆ ಹುಡುಗನ ಹೆಸರು ಯಾವ ಪುಸ್ತಕದಲ್ಲಿ ಬರೆದಿದೆ? ಅವನು ಮೂರನೇ ವಾರಕ್ಕೇ ಮತ್ತೆ ಗನ್ ಹಿಡಿದ. ಪಂಚಾಯಿತಿಯಲ್ಲಿ ನಾಲ್ಕು ಜೊತೆ ಒಳ್ಳೆಯ ಮಾಸ್ಕು, ಕೈಗವಸು, ಬೂಟು, ಕನ್ನಡಕ ಇಟ್ಟು ಬಾಡಿಗೆ ಇಲ್ಲದೆ ಕೊಡಿಸಿ. ಬಿಸಿಲಲ್ಲಿ ಅದೆಲ್ಲ ಹಾಕಿಕೊಂಡು ಕೆಲಸ ಆಗಲ್ಲ ಅಂತ ಹುಡುಗರು ಅನ್ನುತ್ತಾರೆ. ನಿಜ, ಮಧ್ಯಾಹ್ನದ ಬಿಸಿಲಲ್ಲಿ ಆಗಲ್ಲ. ಅದಕ್ಕೇ ಬೆಳಗ್ಗೆ ಬೇಗ, ಇಲ್ಲ ಸಂಜೆ ಹೊಡೆಯಲಿ ಅನ್ನುವುದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಟ್ರೊಪಿನ್ ಸಾಕಷ್ಟು ಇದೆಯಾ ಅಂತ ಟೊಮೆಟೊ ಸೀಸನ್ನಿಗೆ ಮುಂಚೆ ಒಂದು ಸಲ ವಿಚಾರಿಸಿ. ಬಾಟಲಿ ಆಸ್ಪತ್ರೆಗೆ ತನ್ನಿ ಅನ್ನುವ ಒಂದು ಸಾಲನ್ನು ಆಶಾ ಕಾರ್ಯಕರ್ತೆಯರ ಬಾಯಲ್ಲಿ ಮನೆ ಮನೆಗೆ ಹೇಳಿಸಿ.

ಕೊನೆಯದಾಗಿ, ಮುಂದೆ ಇಂಥದು ಆದರೆ ನಮ್ಮಂಥವರು ಯಾರ ಬಾಗಿಲು ತಟ್ಟಬೇಕು ಅಂತ ಒಬ್ಬರ ಹೆಸರು, ಒಂದು ನಂಬರು ಕೊಡಿ. ಮೂರು ಇಲಾಖೆಯ ಪರವಾಗಿ ಒಬ್ಬರು. ಅವರು 24 ಗಂಟೆಯೊಳಗೆ ಬಂದು ಸೊಪ್ಪಿನ ಮಾದರಿ ತೆಗೆದು, ಅದು ಕೊಳೆಯುವ ಮುಂಚೆ ಪ್ರಯೋಗಾಲಯಕ್ಕೆ ಕಳಿಸಲಿ. ಪರಿಹಾರದ ಮಾತು ಆಮೇಲೆ. ಏನಾಯಿತು ಅಂತ ಬರವಣಿಗೆಯಲ್ಲಿ ಒಂದು ಹಾಳೆ ಸಿಗಲಿ ಮೊದಲು.

ಮಾವನಿಗೂ ನಮಗೂ ಈಗ ಒಂದು ಒಪ್ಪಂದ ಆಗಿದೆ. ಡ್ರಮ್ಮಿಗೆ ನೀರು ತುಂಬುವ ಮುಂಚೆ ಅವರು ಫೋನ್ ಮಾಡುತ್ತಾರೆ, ಇಲ್ಲವೇ ಮೊಮ್ಮಗನನ್ನು ಕಳಿಸುತ್ತಾರೆ. ನಾಲ್ಕು ತಿಂಗಳಿಂದ ಒಂದು ಸಲವೂ ತಪ್ಪಿಲ್ಲ. ಸಾಲಿನ ಮಧ್ಯೆ ಚೆಂಡುಹೂ ಹಾಕಿದ್ದಾರೆ, ಹಳದಿ ಅಂಟು ಹಾಳೆ ನೇತು ಹಾಕಿದ್ದಾರೆ. ಕಾಯಿಕೊರಕ ಚೆಂಡುಹೂವಿಗೇ ಮೊಟ್ಟೆ ಇಡೋಕೆ ಹೋಗುತ್ತದೆ, ಔಷಧಿ ಖರ್ಚು ಸ್ವಲ್ಪ ಇಳಿದಿದೆ ಅಂತ ಅವರೇ ಹೇಳಿದರು.

ಆದರೆ ಈಗ ಕಾರ್ತೀಕ. ಗಾಳಿ ತಿರುಗಿದೆ, ಮೂಡಲಿಂದ ಬೀಸುತ್ತಿದೆ. ಮೂಡಲ ಕಡೆಯ ಎರಡು ಎಕರೆಯನ್ನು ಯಾರೋ ಹೊರಗಿನವರು ಗುತ್ತಿಗೆಗೆ ಹಾಕಿಕೊಂಡು ಟೊಮೆಟೊ ಇಟ್ಟಿದ್ದಾರೆ. ಗೂಟ ನೆಟ್ಟಾಗಿದೆ, ಹೂ ಬಂದಿದೆ. ಔಷಧಿ ಹೊಡೆಯೋಕೆ ಟೆಂಪೊದಲ್ಲಿ ಬಂದು ಹೋಗುತ್ತಾರೆ. ನಮಗೆ ಮುಂದಿನ ಗುರುವಾರ ಚಾಕಿ ಹುಳ ಬರುತ್ತವೆ. ಅವರ ಫೋನ್ ನಂಬರು ನನ್ನ ಹತ್ತಿರ ಇಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ರೇಷ್ಮೆ ಬೆಳೆಗಾರ್ತಿ,
ಶಿಡ್ಲಘಟ್ಟ ತಾಲ್ಲೂಕು